ಕಳಸ ಹಿಡಿದ ಚಿಕ್ಕನಿಂಗಮ್ಮ

ಚಾಮರಾಜನಗರದ ನಮ್ಮ ಕ್ರೈಸ್ತ ಸಭೆಯ ಚರಿತ್ರೆ ಬರೆಯಬೇಕೆಂದು ಈಚೆಗೆ ಒಂದು ಸಮಿತಿ ಹುಟ್ಟಿದೆ. ದೇವಾಲಯಕ್ಕೆ ಅಡಿಗಲ್ಲು ಹಾಕಿದ ಬಿಳಿಯ ಪಾದ್ರಿ ದೊರೆ ಯಾರು, ಗಂಟೆ ಎಲ್ಲಿಂದ ಬಂತು, ಹೆಂಚು ಯಾವಾಗ ಬದಲಾಯಿತು ಎಂದು ನನ್ನನ್ನೂ ಬಂದು ಕೇಳಿದರು. ಹೆಂಚಿನ ಸಂಗತಿ ನನಗೆ ಗೊತ್ತಿಲ್ಲ. ಮಿಷನ್ನಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದವಳು ನಾನು, ನನಗೆ ಗೊತ್ತಿರುವುದು ಮನುಷ್ಯರ ಸಂಗತಿ. ಚಿಕ್ಕನಿಂಗಮ್ಮನ ಹೆಸರು ಹೇಳಿದೆ. ಅವಳು ಸಭೆಗೆ ಏನು ಮಾಡಿದಳು ಎಂದು ಕೇಳಿ ಪೆನ್ನು ಮುಚ್ಚಿದರು. ಅದಕ್ಕೇ ನಾನೇ ಹೇಳುತ್ತೇನೆ.

ಅದು ಐವತ್ತನಾಲ್ಕನೆಯ ಇಸವಿ. ದೊರೆಗಳು ಅವರ ದೇಶಕ್ಕೆ ಹೊರಟುಹೋಗಿ ಸಭೆ ನಮ್ಮ ಕೈಗೆ ಬಂದಿತ್ತು. ಕೈಗೆ ಬಂದ ಮೇಲೆ ನಾವು ದೊರೆಗಳಿಗಿಂತ ದೊಡ್ಡ ದೊರೆಗಳಾದೆವು. ಅದರಲ್ಲೂ ಸಭೆಯ ಹಿರಿಯರಾದ ಮರಿಮಲ್ಲಪ್ಪನವರು. ಯಾರ ಮನೆ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು, ಯಾರ ಮಗುವಿನ ಕೊರಳಲ್ಲಿ ತಾಯಿತ ಇತ್ತು ಎಂಬುದೆಲ್ಲ ಮೊದಲು ಬೀಳುತ್ತಿದ್ದದ್ದು ಅವರ ಕಣ್ಣಿಗೇ. ಕೆಟ್ಟವರಲ್ಲ. ಆದರೆ ಅವರ ಎದುರು ಸೀನುವುದಕ್ಕೂ ನಮಗೆ ಭಯ.

ಚಿಕ್ಕನಿಂಗಮ್ಮ ನಮ್ಮ ಶಾಲೆಯ ಹಾಸ್ಟೆಲಿನಲ್ಲಿ ಅಡುಗೆಯವಳು. ಗಂಡ ಚೆಲುವಯ್ಯ ರೈಲ್ವೆಯಲ್ಲಿ ಗ್ಯಾಂಗ್‌ಮನ್, ಬಾಯಿಲ್ಲದ ಮನುಷ್ಯ. ಅವಳ ತವರು ತೆರಕಣಾಂಬಿ. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತರಾದಾಗ ತವರಿನ ಕುಲದವರು ಅವಳನ್ನು ಹೊರಗಿಟ್ಟರು. ಅಣ್ಣ ಪುಟ್ಟಮಾದಯ್ಯ ಮಾತ್ರ ತಂಗಿಯನ್ನು ಬಿಟ್ಟುಕೊಡಲಿಲ್ಲ. ಕಟ್ಟೆಮನೆ ಎಂದು ಕರೆಯುವ ಕುಲದ ಪಂಚಾಯ್ತಿಯಲ್ಲಿ ರುಮಾಲು ತೆಗೆದು ನೆಲಕ್ಕಿಟ್ಟು, ತಂಗಿಯ ತಪ್ಪು ನನ್ನದು ಎಂದು ಅಡ್ಡಬಿದ್ದು, ಅವಳನ್ನು ಮನೆಗೆ ಕರೆಯುವ ಹಕ್ಕು ಉಳಿಸಿಕೊಂಡ. ಬಾಣಂತನವನ್ನೂ ಅವನ ಮನೆಯಲ್ಲೇ ಮಾಡಿದರು. ಆದರೂ ತವರಿನ ಯಾವ ಶುಭಕಾರ್ಯದಲ್ಲೂ ಅವಳನ್ನು ಚಪ್ಪರದೊಳಗೆ ಕರೆದಿರಲಿಲ್ಲ.

ಆ ವರ್ಷ ಪುಟ್ಟಮಾದಯ್ಯನ ಮಗನ ಮದುವೆ. ಕಳಸ ಹಿಡಿದು ಮದುಮಗನ ಜೊತೆ ನಡೆಯುವ ಕಳಸಗಿತ್ತಿ ಅವರಲ್ಲಿ ಸೋದರತ್ತೆಯೇ ಆಗಬೇಕು. ಕುಲದವರು ಅಂತೂ ಒಪ್ಪಿದರು. ಚಿಕ್ಕನಿಂಗಮ್ಮ ಕಳಸ ಹಿಡಿದಳು. ಯಾರೋ ಮುತ್ತೈದೆ ಹಣೆಗೆ ಕುಂಕುಮ ಇಟ್ಟಳು, ಇವಳು ಬೇಡ ಎನ್ನಲಿಲ್ಲ. ಮೆರವಣಿಗೆ ರಸ್ತೆಗೆ ಬಂದಾಗ ಗುಂಡ್ಲುಪೇಟೆಯಿಂದ ಬರುತ್ತಿದ್ದ ಬಸ್ಸು ನಿಂತಿತು. ಬಸ್ಸಿನ ಕಿಟಕಿಯಲ್ಲಿ ನಮ್ಮ ಮರಿಮಲ್ಲಪ್ಪನವರು!

ಹಿರಿಯರ ಕೂಟ ಸೇರಿ ತೀರ್ಮಾನಿಸಿತು. ಚಿಕ್ಕನಿಂಗಮ್ಮ ಸಭೆಯ ಮುಂದೆ ನಿಂತು ತಾನು ಮಾಡಿದ್ದು ತಪ್ಪು ಎನ್ನಬೇಕು. ಅಲ್ಲಿಯವರೆಗೆ ಅವಳಿಗೆ ಕರ್ತನ ಭೋಜನವಿಲ್ಲ, ಅಂದರೆ ಆರಾಧನೆಯಲ್ಲಿ ಹಂಚುವ ರೊಟ್ಟಿ ದ್ರಾಕ್ಷಾರಸದಲ್ಲಿ ಪಾಲಿಲ್ಲ. ಸಭಾಪಾಲಕರಾದ ಯೆಶಾಯಪ್ಪನವರು ಮೆದು ಮನಸ್ಸಿನವರು, ಅವರೇ ಅವಳ ಮನೆಗೆ ಹೋಗಿ ತಿಳಿಸಿದರು.

"ಕಳ್ತನ ಮಾಡಿದ್ರೆ ತಪ್ಪು ಅಂತಿದ್ದೆ ಅಯ್ನೋರೆ. ಅಣ್ಣನ ಮಗನ ಮದ್ವೇಲಿ ಅತ್ತೆ ನಿಂತ್ರೆ ಅದ್ಯಾವ ತಪ್ಪು?" ಎಂದಳು.

ಅಂದಿನಿಂದ ಭಾನುವಾರಗಳಲ್ಲಿ ಕೊನೆಯ ಚಾಪೆಯಲ್ಲಿ ಕೂರುತ್ತಿದ್ದಳು. ಭೋಜನದ ಹೊತ್ತಿಗೆ ನಾವೆಲ್ಲ ಎದ್ದು ಮುಂದಕ್ಕೆ ಹೋದರೆ ಅವಳು ಕೂತಲ್ಲೇ ಕೂತಿರುತ್ತಿದ್ದಳು. ಅವಳಿಗೇನೂ ಆದಂತೆ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಅವಳ ಮಗಳು ಕರುಣಾಳಿಗೆ ಗುಂಡ್ಲುಪೇಟೆಯ ಕಾಂಪೌಂಡರ್ ಹುಡುಗ ಗೊತ್ತಾದ. ನಮ್ಮಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ದೇವಾಲಯದಲ್ಲಿ ಪ್ರಕಟಣೆ ಓದಿ, ಯಾರದಾದರೂ ಅಡ್ಡಿಯಿದೆಯೇ ಎಂದು ಕೇಳಬೇಕು. ತಾಯಿ ತಪ್ಪೊಪ್ಪದ ಮನೆಯ ಪ್ರಕಟಣೆ ಓದಕೂಡದು ಎಂದು ಮರಿಮಲ್ಲಪ್ಪನವರು ಪಟ್ಟು ಹಿಡಿದರು. ದೇವಾಲಯದಲ್ಲಿ ಆಗದ ಮದುವೆ ನಮಗೆ ಬೇಡ ಎಂದು ಗಂಡಿನ ಕಡೆಯವರೂ ಹೇಳಿಕಳಿಸಿದರು. ಕರುಣಾ ಅನ್ನ ಬಿಟ್ಟು ಮಲಗಿದಳು.

ನಾನು ಹಾಸ್ಟೆಲಿನ ಅಡುಗೆಮನೆಗೆ ಹೋದಾಗ ಚಿಕ್ಕನಿಂಗಮ್ಮ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು. "ಒಂದು ಮಾತು ಅಂದುಬಿಡೆ, ನಿನ್ನ ಗಂಟೇನು ಹೋಗುತ್ತೆ?" ಎಂದೆ.

"ನಮ್ಮಣ್ಣ ನನಗೋಸ್ಕರ ಮಣ್ಣಿಗೆ ಬಿದ್ದೋನು ಟೀಚರಮ್ಮ. ಅವನ ಮನೆ ಕಳಸ ಇಡಿದದ್ದು ತಪ್ಪು ಅಂತ ಯಾವ ಬಾಯಲ್ಲಿ ಏಳನ?"

"ಮಗಳ ಮುಖ ನೋಡು."

ಜರಡಿ ನಿಂತಿತು. "ಏಳ್ತೀನಿ ಬುಡಿ. ಅಣ್ಣನ ಕಿವಿಗೆ ಬೀಳಬಾರ್ದು, ಅಷ್ಟೆಯ" ಎಂದಳು.

ಚೆಲುವಯ್ಯನಿಗೆ ಬಾಯಿಲ್ಲ ಎಂದೆನಲ್ಲ, ಇದ್ದ ಒಂದಿಷ್ಟನ್ನು ಅವನು ಎಂಥ ಹೊತ್ತಿನಲ್ಲಿ ಬಿಟ್ಟ ನೋಡಿ. ಬರುವ ಭಾನುವಾರ ಕರುಣಾಳ ಪ್ರಕಟಣೆ, ಸೋದರಮಾವನಾದ ನೀನು ಬರಬೇಕು ಎಂದು ಪುಟ್ಟಮಾದಯ್ಯನಿಗೆ ಹೇಳಿಕಳಿಸಿದ. ಅದಕ್ಕೂ ಮೊದಲು ಅದೇ ಆರಾಧನೆಯಲ್ಲಿ ಹೆಂಡತಿಯ ತಪ್ಪೊಪ್ಪಿಗೆ ಇದೆ ಎಂಬುದು ಅವನ ತಲೆಗೆ ಹೊಳೆಯಲಿಲ್ಲ.

ಆ ಭಾನುವಾರ ಬೈಬಲಿನ ಮೇಲಿನ ಪ್ರಸಂಗ ಮುಗಿಯಿತು. ಯೆಶಾಯಪ್ಪನವರು ಚಿಕ್ಕನಿಂಗಮ್ಮನ ಹೆಸರು ಕರೆದರು. ಅವಳು ಮುಂದೆ ಬಂದು, ಸಭೆಯ ಕಡೆ ತಿರುಗಿದಳು. ಬಾಗಿಲ ಬಳಿ, ಗಂಡಸರ ಕಡೆಯ ಚಾಪೆಯ ತುದಿಯಲ್ಲಿ, ಎಲೆ ಅಡಿಕೆಯ ಚೀಲ ಮಡಿಲಲ್ಲಿಟ್ಟುಕೊಂಡು ಅಣ್ಣ ಕೂತಿದ್ದ. ಮೊದಲ ಬಸ್ಸಿಗೇ ಬಂದುಬಿಟ್ಟಿದ್ದ.

ಅವಳ ಮುಖದ ಬಣ್ಣವೇ ಹೋಯಿತು.

"ಹೇಳಮ್ಮ. ಅನ್ಯರ ಮದುವೆಯಲ್ಲಿ ಕಳಸ ಹಿಡಿದದ್ದು ತಪ್ಪು ಅನ್ನು" ಎಂದರು ಮರಿಮಲ್ಲಪ್ಪನವರು.

ಪುಟ್ಟಮಾದಯ್ಯ ಎದ್ದು ನಿಂತ. ನಮ್ಮ ಆರಾಧನೆಯ ತಲೆಬುಡ ಅವನಿಗೆ ಗೊತ್ತಿರಲಿಲ್ಲ. ಆದರೆ ಒಬ್ಬ ಹೆಣ್ಣುಮಗಳನ್ನು ಎಲ್ಲರ ಎದುರು ನಿಲ್ಲಿಸಿ ತಪ್ಪು ಕೇಳುವುದು ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇದು ಕಿರಸ್ತಾನರ ಕಟ್ಟೆಮನೆ ಎಂದುಕೊಂಡ. ನಡುವಿನ ದಾರಿಯಲ್ಲಿ ಸೀದಾ ಬಂದು, ರುಮಾಲು ಬಿಚ್ಚಿ ನೆಲಕ್ಕಿಟ್ಟು, ಅದರ ಪಕ್ಕಕ್ಕೆ ಎಲೆ ಅಡಿಕೆ ಇಟ್ಟು, ಉದ್ದಕ್ಕೆ ಅಡ್ಡಬಿದ್ದ.

"ತಪ್ಪು ನಂದು ಸಾಮಿ. ಕರೆದೋನು ನಾನು. ಅವ್ಳನ್ನ ಒಳಕ್ಕೆ ಆಕ್ಕಳಿ."

ಮಕ್ಕಳು ಕಿಸಕ್ಕನೆ ನಕ್ಕರು. ಆಮೇಲೆ ಯಾರೂ ನಗಲಿಲ್ಲ. "ದೀಕ್ಷಾಸ್ನಾನ ಆಗದವನು ನಮ್ಮ ಸಭೆಯಲ್ಲಿ ತಪ್ಪೊಪ್ಪುವ ಹಾಗಿಲ್ಲ, ಇದು ಲೆಕ್ಕಕ್ಕಿಲ್ಲ" ಎಂದರು ಮರಿಮಲ್ಲಪ್ಪನವರು. ಯೆಶಾಯಪ್ಪನವರೂ ನಂಜನಗೂಡು ಕಡೆಯ ಒಂದು ಕೇರಿಯಲ್ಲಿ ಬೆಳೆದವರು. ಅಂಥ ಪಂಚಾಯ್ತಿಯಲ್ಲಿ ಬಿದ್ದವನನ್ನು ಎಷ್ಟು ಹೊತ್ತು ನೆಲದ ಮೇಲೆ ಬಿಡಬಹುದು, ಏಳಿಸುವಾಗ ಏನನ್ನಬೇಕು ಎಂಬುದು ಅವರಿಗೆ ಗೊತ್ತಿತ್ತು. ಇಳಿದು ಬಂದು ಅವನ ತೋಳು ಹಿಡಿದರು.

"ತಪ್ಪು ಒಪ್ಪಾಯ್ತು. ಏಳಪ್ಪ" ಎಂದರು.

ಭೋಜನದ ಹೊತ್ತಾಯಿತು. ಚಿಕ್ಕನಿಂಗಮ್ಮ ಎಷ್ಟೋ ತಿಂಗಳ ಮೇಲೆ ಮುಂದೆ ಹೋಗಿ ಮೊಣಕಾಲೂರಿದಳು. ಪಕ್ಕದಲ್ಲಿ ಪುಟ್ಟಮಾದಯ್ಯನೂ ಕೂತ. ಅವರಲ್ಲಿ ತಪ್ಪು ಒಪ್ಪಾದ ಮೇಲೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ, ಉಣ್ಣದಿದ್ದರೆ ಒಪ್ಪಿದ್ದು ಸುಳ್ಳು. ಕೈಯೊಡ್ಡಿ ಕಾದ.

ರೊಟ್ಟಿಯ ತಟ್ಟೆ ಹಿಡಿದು ಬಂದ ಯೆಶಾಯಪ್ಪನವರು ತಂಗಿಗೆ ಕೊಟ್ಟರು. ಅಣ್ಣನ ಮುಂದೆ ನಿಂತರು. ದೀಕ್ಷಾಸ್ನಾನ ಆಗದವನಿಗೆ ಕೊಡುವ ಹಾಗಿಲ್ಲ. ದಾಟಿ ಮುಂದಕ್ಕೆ ಹೋದರು. ಪುಟ್ಟಮಾದಯ್ಯ ಒಡ್ಡಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡಿದ್ದ. ನನ್ನ ಜೀವಮಾನದಲ್ಲಿ ನನಗೆ ಅಷ್ಟು ನಾಚಿಕೆ ಇನ್ನೊಂದು ಸಲ ಆಗಿಲ್ಲ.

ಚಿಕ್ಕನಿಂಗಮ್ಮ ತನ್ನ ಅಂಗೈಯಲ್ಲಿದ್ದ ಚೂರನ್ನು ಮುರಿದಳು. ಅರ್ಧ ಅಣ್ಣನ ಕೈಗಿಟ್ಟಳು. ಇಬ್ಬರೂ ತಿಂದರು.

ಎಲ್ಲರೂ ನೋಡಿದರು. ಮಗಳ ಮದುವೆ ಮುಗಿಯಿತು, ಇವಳೇ ಕೈಯಾರೆ ಕಳೆದುಕೊಂಡಳು ಎಂದುಕೊಂಡೆ. ಕರುಣಾ ನನ್ನ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಯೆಶಾಯಪ್ಪನವರು ಬಟ್ಟಲನ್ನು ಮುಚ್ಚಿಟ್ಟರು. ಕನ್ನಡಕ ಒರೆಸಿಕೊಂಡರು. ಆಮೇಲೆ ಪ್ರಕಟಣೆ ಓದಿಯೇ ಬಿಟ್ಟರು: ಚೆಲುವಯ್ಯನ ಮಗಳು ಕರುಣಾಳಿಗೂ ಗುಂಡ್ಲುಪೇಟೆಯ ವರನಿಗೂ ಎಂದು. "ಈ ಮದುವೆಗೆ ಯಾರದಾದರೂ ಅಡ್ಡಿಯಿದ್ದರೆ ಈಗಲೇ ಹೇಳಬೇಕು."

ಮರಿಮಲ್ಲಪ್ಪನವರು ಕೋಟು ಸರಿಮಾಡಿಕೊಂಡು ಎದ್ದರು.

ಅವರು ಬಾಯಿ ಬಿಡುವ ಮುಂಚೆ ಪುಟ್ಟಮಾದಯ್ಯ ಎದ್ದ. ಅವನ ಕುಲದಲ್ಲಿ ಸೋದರಸೊಸೆಯ ಮೇಲೆ ಮೊದಲ ಹಕ್ಕು ಸೋದರಮಾವನದು. ಬೇಡ ಎನ್ನುವ ಬಾಯಿ ಅವನೊಬ್ಬನದೇ. ಪ್ರಶ್ನೆ ಕೇಳಿದ್ದು ತನ್ನನ್ನೇ ಎಂದು ಅವನಿಗೆ ಯಾವ ಸಂಶಯವೂ ಇರಲಿಲ್ಲ.

"ನಂದೇನೂ ಅಡ್ಡಿ ಇಲ್ಲ ಸಾಮಿ" ಎಂದ, ದೇವಾಲಯಕ್ಕೆಲ್ಲ ಕೇಳುವಂತೆ. "ನಮ್ ಕೂಸು ಚೆಂದಾಗಿರ್ಲಿ. ಒಪ್ಗೆ ಕೊಟ್ಟಿವ್ನಿ."

ಹೆಂಗಸರ ಕಡೆಯಿಂದ ನಾವು ಅಷ್ಟೂ ಜನ ಮರಿಮಲ್ಲಪ್ಪನವರನ್ನೇ ನೋಡುತ್ತಿದ್ದೆವು. ಅವರ ಹೆಂಡತಿಯೂ ನೋಡುತ್ತಿದ್ದರು. ಮರಿಮಲ್ಲಪ್ಪನವರು ಒಂದು ಸಲ ಕೆಮ್ಮಿ ಕೂತುಕೊಂಡರು.

ಅಷ್ಟು ತಿಂಗಳು ಹಿಂದಿನ ಚಾಪೆಯಲ್ಲಿ ಕೂತಿದ್ದಾಗ ಒಂದು ಹನಿ ಕಣ್ಣೀರು ಹಾಕದಿದ್ದ ಚಿಕ್ಕನಿಂಗಮ್ಮ ಆಗ ಸೆರಗನ್ನು ಬಾಯಿಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಪುಟ್ಟಮಾದಯ್ಯನಿಗೆ ಗಾಬರಿಯಾಯಿತು.

"ಯಾಕಮ್ಮಿ, ಇನ್ನೂ ಏನಾರ ಬಾಕಿ ಇದ್ದದಾ?" ಎಂದು ಕೇಳಿದ.