ಬುಗುರಿ ಮತ್ತು ಎಂಬತ್ತೊಂದನೇ ಪುಟ

ಎರಡು ವರ್ಷದ ಆ ಹೆಣ್ಣುಮಗುವನ್ನು ಮನೆಯವರೆಲ್ಲ ಬುಗುರಿ ಅಂತ ಕರೆಯುತ್ತಿದ್ದರು. ನಿಂತಲ್ಲಿ ನಿಲ್ಲುವವಳಲ್ಲ ಅಂತ ಅಜ್ಜಿ ಇಟ್ಟ ಹೆಸರು. ಆದರೆ ಎರಡು ತಿಂಗಳಿಂದ ಬುಗುರಿ ಟಿವಿ ಮುಂದೆ ಕೂತರೆ ಏಳುತ್ತಿರಲಿಲ್ಲ. ಬಾಯಿಗೆ ತುತ್ತಿಟ್ಟರೆ ಏನು ತಿಂದೆ ಅನ್ನುವುದೂ ತಿಳಿಯದೆ ನುಂಗುವಳು. ಟಿವಿ ಆರಿಸಿದರೋ, ಸೂರು ಹಾರಿಹೋಗುವಂಥ ಅಳು.

ಅವಳಪ್ಪ ಪುಸ್ತಕ ಬೈಂಡ್ ಮಾಡುವವನು. ಮನೆಯ ಮುಂದಿನ ಕೋಣೆಯೇ ಕೆಲಸದ ಜಾಗ. ಅಚ್ಚಾದ ದೊಡ್ಡ ಹಾಳೆಯನ್ನು ಮೂರು ಸಲ ಮಡಿಸಿದರೆ ಹದಿನಾರು ಪುಟ; ಅದಕ್ಕೆ ಫಾರಂ ಅನ್ನುತ್ತಾರೆ. ಅಜ್ಜಿ ಮಡಿಸುತ್ತಾಳೆ, ಅಮ್ಮ ಫಾರಂಗಳನ್ನು ಒಂದರ ಹಿಂದೊಂದು ಜೋಡಿಸುತ್ತಾಳೆ, ಅಪ್ಪ ಹೊಲಿದು ಗೋಂದು ಬಳಿಯುತ್ತಾನೆ.

ಹಿಂದೊಮ್ಮೆ ಮಕ್ಕಳನ್ನು ಬೆಳೆಸುವ ಬಗ್ಗೆ ಒಂದು ಪುಸ್ತಕ ಬೈಂಡಿಂಗಿಗೆ ಬಂದಿತ್ತು. ಉಳಿದ ಫಾರಂಗಳಲ್ಲಿ ಅಮ್ಮ ತನಗೂ ಒಂದು ಪ್ರತಿ ಮಾಡಿಕೊಂಡಳು. ಓದಿದ ದಿನದಿಂದ ಅವಳ ನೆಮ್ಮದಿ ಹೋಯಿತು. ಅದಕ್ಕೇ ಟಿವಿಯಲ್ಲಿ ಮಕ್ಕಳಿಗೆ ಕಲಿಸುವ ಕಾರ್ಯಕ್ರಮ ಹಾಕಲು ಶುರುಮಾಡಿದಳು.

"ಆ ಟಿವಿಯೊಳಗಿನ ಮೇಡಂ, ನಮ್ಮ ಬುಗುರಿ ಚಡ್ಡಿ ಒದ್ದೆ ಮಾಡ್ಕೊಂಡ್ರೆ ಬಂದು ಬದಲಾಯಿಸ್ತಾಳಾ?" ಅಂತ ಅಜ್ಜಿ ಛೇಡಿಸುವಳು. ಅಮ್ಮ ಫಾರಂ ಜೋಡಿಸುತ್ತಲೇ ಇರುವಳು.

ಒಂದು ದಿನ ತೂಕದಕ್ಕ ಬಂದಳು. ಆರೋಗ್ಯ ಕಾರ್ಯಕರ್ತೆ ಅವಳು. ತೂಕದ ಯಂತ್ರ ಹೆಗಲಿಗೆ ಹಾಕಿಕೊಂಡು ಮನೆಮನೆಗೆ ಬರುವುದರಿಂದ ಬೀದಿಗೆಲ್ಲ ತೂಕದಕ್ಕ. ಬುಗುರಿಯನ್ನು ತೂಗಿ, "ತೂಕ ಚೆನ್ನಾಗಿದೆ. ಅಮ್ಮನ ಮುಖ ಯಾಕೆ ತಂಗಿ ಹೀಗೆ ಬಾಡಿದೆ?" ಅಂದಳು.

ಅಮ್ಮ ತಡೆದುಕೊಂಡದ್ದೆಲ್ಲ ಹೊರಬಂತು. "ನನ್ನ ಮಗಳು ಹಿಂದೆ ಬಿದ್ದಿದ್ದಾಳೆ ಅಕ್ಕ. ಹತ್ತರ ತನಕ ಎಣಿಸಲ್ಲ. ಕಥೆ ಹೇಳಲ್ಲ. ಮನುಷ್ಯನ ಚಿತ್ರ ಬರಿ ಅಂದ್ರೆ ಪೆನ್ಸಿಲ್ ಕಚ್ತಾಳೆ. ದಿನಾ ನಾಲ್ಕು ಗಂಟೆ ಟಿವಿ ಹಾಕ್ತೀನಿ, ನನ್ನ ಕೈಲಾಗದ್ದು ಅದರಿಂದಾದ್ರೂ ಆಗ್ಲಿ ಅಂತ. ಹೊಸ ಮಾತು ಒಂದೂ ಬಂದಿಲ್ಲ."

"ಎರಡು ವರ್ಷಕ್ಕೆ ಇದೆಲ್ಲ ಬರಬೇಕು ಅಂತ ಯಾರು ಹೇಳಿದ್ರು?"

"ಪುಸ್ತಕದಲ್ಲೇ ಇದೆಯಲ್ಲಕ್ಕ."

ತೂಕದಕ್ಕ ಪುಸ್ತಕ ತೆಗೆದುಕೊಂಡಳು. ಓದಿದಳು. ಒಂದು ಹಾಳೆ ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿದಳು. "ತಂಗಿ, ನಲವತ್ತೆಂಟರ ನಂತರ ಯಾವ ಪುಟ ಬರಬೇಕು?"

"ನಲವತ್ತೊಂಬತ್ತು."

"ಇಲ್ಲಿ ಎಂಬತ್ತೊಂದಿದೆ. 'ಎರಡು ವರ್ಷದ ಮಗು' ಅಂತ ಈ ಕಡೆ ತಲೆಬರಹ. ಆ ಕಡೆ ಇರೋದು ನಾಲ್ಕು ವರ್ಷದ ಮಕ್ಕಳ ವಿಷಯ!"

ಅಪ್ಪ ಗೋಂದು ಮೆತ್ತಿದ ಕೈಯಲ್ಲೇ ಓಡಿಬಂದು ಇಣುಕಿದ. "ಸಾವಿರಾರು ಪುಸ್ತಕ ಜೋಡಿಸಿದ ಕೈ, ಒಂದೂ ವಾಪಸ್ ಬಂದಿಲ್ಲ. ಸ್ವಂತ ಪುಸ್ತಕದಲ್ಲಿ ಎರಡು ಫಾರಂ ನುಂಗಿದ್ದೀಯಲ್ಲೇ!"

"ಆವತ್ತು ಬುಗುರಿ ಅವಳ ಕಾಲಿಗೆ ಜೋತುಬಿದ್ದಿದ್ಳು ಕಣೋ," ಅಂದಳು ಅಜ್ಜಿ. "ಮಗು ನೋಡ್ತಾಳಾ, ಫಾರಂ ನೋಡ್ತಾಳಾ?"

ಅಮ್ಮನಿಗೆ ನಗುವೂ ಬಂತು, ಅಳುವೂ ಬಂತು.

ತೂಕದಕ್ಕ ಮಗುವಿನ ಬೆನ್ನ ಹಿಂದೆ ನಿಂತು ಮೆಲ್ಲಗೆ "ಬುಗುರೀ" ಅಂದಳು. ಮಗು ಥಟ್ಟನೆ ತಿರುಗಿತು. "ಕಿವಿ ಚುರುಕಾಗಿದೆ. ಈ ವಯಸ್ಸಿಗೆ 'ಅಮ್ಮ ಬಾ' ಅಂತ ಎರಡು ಮಾತು ಜೋಡಿಸಿದ್ರೆ ಸಾಕು. ಆದ್ರೆ ಒಂದು ವಿಷಯ. ಟಿವಿ ಪ್ರಶ್ನೆ ಕೇಳುತ್ತೆ, ನಿನ್ನ ಮಗಳು ಏನಂದ್ಳು ಅಂತ ಅದಕ್ಕೆ ಕೇಳಿಸುತ್ತಾ? ದಿನಕ್ಕೆ ಒಂದು ಗಂಟೆ ಮೀರಬಾರದು. ಕಡಿಮೆ ಆದಷ್ಟೂ ಒಳ್ಳೇದು. ಊಟದ ಹೊತ್ತಲ್ಲಂತೂ ಬೇಡವೇ ಬೇಡ."

"ಆಟ ಆಡಿಸೋಕೆ ನನಗೆಲ್ಲಿ ಪುರುಸೊತ್ತು ಅಕ್ಕ? ಈ ರಾಶಿ ನೋಡಿ."

"ಕೆಲಸ ಬಿಡು ಅಂತ ನಾನಂದ್ನಾ? ಅಜ್ಜಿ ಏನೋ ಗುನುಗ್ತಿದ್ದಾರಲ್ಲ, ಅದೇನು?"

ಅಜ್ಜಿ ನಾಚಿಕೊಂಡಳು. ಹಾಳೆ ಮಡಿಸುವಾಗ ಲೆಕ್ಕ ತಪ್ಪದಿರಲಿ ಅಂತ ತಾನೇ ಕಟ್ಟಿಕೊಂಡ ಪದ ಅದು:

ಒಂದು ಮಡಿಕೆ, ಒತ್ತು ಒತ್ತು,
ಎರಡು ಮಡಿಕೆ, ಒತ್ತು ಒತ್ತು,
ಮೂರು ಮಡಿಕೆ, ಆಯ್ತು ಆಯ್ತು.

"ಇಂಥ ಪಾಠ ಮನೇಲೇ ಇದೆ!" ತೂಕದಕ್ಕ ಕೈಮುಗಿದಳು. "ಮಗೂನ ಪಕ್ಕದಲ್ಲಿ ಕೂರಿಸ್ಕೊಳ್ಳಿ ಅಜ್ಜಿ, ಒಂದು ರದ್ದಿ ಕಾಗದ ಕೊಡಿ. ಪದ ಹೇಳ್ತಾ ಹೇಳ್ತಾ ಮಧ್ಯೆ ನಿಲ್ಲಿಸಿ. ಮನಸ್ಸಲ್ಲೇ ಐದು ಎಣಿಸಿ, ಮಗು ಮಾತಿಗೆ ಕಾಯಿರಿ. ಹದಿನೈದು ದಿನ ಬಿಟ್ಟು ಬರ್ತೀನಿ. ಆಗಲೂ ಎರಡು ಮಾತು ಜೋಡಿಸದಿದ್ರೆ ನಾನೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೀನಿ."

ಟಿವಿ ಆರಿಸಿದ ಮೊದಲ ಮೂರು ದಿನ ಬುಗುರಿ ಅತ್ತ ಅಳು ಬೀದಿಗೆಲ್ಲ ಕೇಳಿಸಿತು. "ಹಾಕಮ್ಮ ಆ ಟಿವಿ, ನನ್ನ ತಲೆ ಸಿಡೀತಿದೆ!" ಅಂತ ಅಜ್ಜಿಯೇ ಸೋತಳು. ಅಮ್ಮ ಮಾತ್ರ ಸೋಲಲಿಲ್ಲ. ಅಳುವ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಒಂದೊಂದೇ ಫಾರಂ ತೋರಿಸುತ್ತ ಮಾತಾಡಿದಳು. ಉತ್ತರ ಬರಲಿಲ್ಲ. ಕಾದಳು. ಮತ್ತೆ ಮಾತಾಡಿದಳು. ಅವಳ ಆ ತಾಳ್ಮೆ ಕಂಡು ಅಪ್ಪನೂ ದಾರ ಪೋಣಿಸುವಾಗ "ಸೂಜಿ ಎಲ್ಲಿ?" ಅಂತ ಮಗಳನ್ನು ಕೇಳತೊಡಗಿದ.

ಹತ್ತನೇ ದಿನ ಮಧ್ಯಾಹ್ನ. ಅಜ್ಜಿ "ಮೂರು ಮಡಿಕೆ" ಅಂದು ನಿಲ್ಲಿಸಿದಳು. ಅಮ್ಮನ ಕೈಯ ಫಾರಂ ಕೈಯಲ್ಲೇ ಉಳಿಯಿತು. ಅಪ್ಪನ ಬ್ರಷ್ಷಿನಿಂದ ಗೋಂದು ತೊಟ್ಟಿಕ್ಕಿತು. ಬುಗುರಿ ಎರಡೂ ಅಂಗೈ ಊರಿ ತನ್ನ ಸೊಟ್ಟ ಕಾಗದವನ್ನು ಒತ್ತಿದಳು, ಮುಖ ಎತ್ತಿದಳು.

"ಆಯ್ತು, ಅಜ್ಜಿ!"

ಮಗು ಕೈಚಾಚಿತು. "ಇನ್ನೊಂದು ಕೊಡು."

"ಬುಗುರಿ ಮತ್ತೆ ತಿರುಗ್ತು ಕಣೇ!" ಅಂತ ಅಜ್ಜಿ ಕಣ್ಣೊರೆಸಿಕೊಂಡಳು.

ತೂಕದಕ್ಕ ಮತ್ತೆ ಬಂದಾಗ ಅಮ್ಮ ಪುಸ್ತಕದ ಹೊಲಿಗೆ ಬಿಚ್ಚಿ, ಬಿಟ್ಟುಹೋದ ಎರಡು ಫಾರಂ ಸೇರಿಸಿ ಹೊಲಿಸಿಟ್ಟಿದ್ದಳು. ನಲವತ್ತೊಂಬತ್ತನೇ ಪುಟದಲ್ಲಿ ಗುರುತಿಗೆ ಬುಗುರಿಯ ಸೊಟ್ಟ ಕಾಗದ. "ಪುಸ್ತಕ ಓದೋದು ಬಿಡಬೇಡ ತಂಗಿ," ಅಂದಳು ತೂಕದಕ್ಕ. "ಓದಿ ಮಗು ಮುಖಾನೂ ನೋಡು. ಹೆದರಿಕೆ ಆದ್ರೆ ನನ್ನ ಕೇಳು."

ಅಪ್ಪಂದಿರೇ, ಅಮ್ಮಂದಿರೇ, ಅಜ್ಜಿ ತಾತಂದಿರೇ, ನಿಮ್ಮ ಮನೆಯಲ್ಲೂ ಒಂದು ಬುಗುರಿ ಇರಬಹುದು. ಎರಡು ವರ್ಷ ತುಂಬಿದರೂ ಎರಡು ಮಾತು ಜೋಡಿಸದಿದ್ದರೆ, ಕರೆದಾಗ ತಿರುಗದಿದ್ದರೆ, ಬರುತ್ತಿದ್ದ ಮಾತು ನಿಂತುಹೋದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಇವತ್ತಿನ ಊಟಕ್ಕೆ ಟಿವಿ ಆರಿಸಿ. ನೀವು ಮಾಡುವ ಕೆಲಸದ ಪಕ್ಕದಲ್ಲೇ ಮಗುವಿಗೆ ಜಾಗ ಕೊಡಿ. ಒಂದು ಮಾತು ಕೇಳಿ, ಮನಸ್ಸಿನಲ್ಲೇ ಐದು ಎಣಿಸಿ, ಕಾಯಿರಿ.