ಉಷಾರಾಣಿ ಮೇಡಂ ಕಣ್ಣು ಮುಚ್ಚಿ ಹೇಳಿದ್ದು

ವಿರಾಜಪೇಟೆಯ ಆ ನರ್ಸಿಂಗ್ ಕಾಲೇಜಿನಲ್ಲಿ ನರ, ಕಣ್ಣು, ಕಿವಿ, ಹಾರ್ಮೋನು, ಮೂಳೆ ಇಷ್ಟರ ಕಾಯಿಲೆಗಳನ್ನೂ ಉಷಾರಾಣಿ ಮೇಡಂ ಒಬ್ಬರೇ ಪಾಠ ಮಾಡುತ್ತಿದ್ದರು. ಹುಡುಗಿಯರಿಗೆ ಅವರೆಂದರೆ ಹೆದರಿಕೆ. ಒಂದು ಪ್ರಶ್ನೆ ಕೇಳಿದರೆ ಉತ್ತರ ಬರುವವರೆಗೆ ಮುಂದಕ್ಕೆ ಹೋಗುವವರಲ್ಲ. ಕುಟ್ಟದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರ ಮಗಳು ನಿಶ್ಮಿತಾ ಆದಷ್ಟೂ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಆ ಸೋಮವಾರ ಮೇಡಂ ಅವಳನ್ನೇ ಕರೆದರು.

ಮೇಡಂ ಮೇಜಿನ ಮೇಲೆ ಕುಳಿತು ಕಾಲು ಇಳಿಬಿಟ್ಟು, ಅವಳ ಕೈಗೆ ರಬ್ಬರಿನ ಪುಟ್ಟ ಸುತ್ತಿಗೆ ಕೊಟ್ಟರು. ಮಂಡಿಯ ಕೆಳಗೆ ತಟ್ಟಿದರೆ ಕಾಲು ತಾನಾಗಿ ಮುಂದಕ್ಕೆ ಚಿಮ್ಮಬೇಕು. ನಿಶ್ಮಿತಾ ತಟ್ಟಿದಳು. ಕಾಲು ಅಲುಗಲಿಲ್ಲ. ಕ್ಲಾಸು ಕಿಸಕ್ಕನೆ ನಕ್ಕಿತು.

"ಇನ್ನೊಂದ್ಸಲ," ಎಂದರು ಮೇಡಂ.

ಮತ್ತೆ ತಟ್ಟಿದಳು. ಇಲ್ಲ. ಇನ್ನೊಂದು ಕಾಲಿಗೂ ಹಾಗೆಯೇ. ನಿಶ್ಮಿತಾಳ ಕಿವಿ ಕೆಂಪಾಯಿತು.

"ನಂಗೆ ಬರ್ತಾ ಇಲ್ಲ ಮೇಡಂ."

"ನೀನು ಸರಿಯಾಗೇ ಹೊಡೀತಿದ್ದೀಯ," ಎಂದ ಮೇಡಂ ತಮ್ಮ ಪಾದಗಳನ್ನೇ ನೋಡಿಕೊಂಡರು. ಆಮೇಲೆ ಎಂದಿನ ದನಿಯಲ್ಲೇ ಕ್ಲಾಸಿಗೆ ಕೇಳಿದರು: "ಒಬ್ಬ ರೋಗಿಗೆ ಮೊನ್ನೆ ಮೊನ್ನೆ ಭೇದಿ ಆಗಿ ವಾಸಿಯಾಗಿದೆ. ನಿನ್ನೆಯಿಂದ ಪಾದ ಜುಮುಜುಮು ಅಂತಿದೆ. ಇವತ್ತು ಮೆಟ್ಟಿಲು ಹತ್ತೋವಾಗ ಕಾಲು ಭಾರ. ಮಂಡಿ ತಟ್ಟಿದ್ರೆ ಚಿಮ್ಮಲ್ಲ. ನೀವು ಯಾವುದರ ಮೇಲೆ ಮೊದಲು ಕಣ್ಣಿಡ್ತೀರಿ?"

ಯಾರೂ ನಗಲಿಲ್ಲ. ಮುಂದಿನ ಬೆಂಚಿನ ಆಶ್ರಿತಾ ಮೆಲ್ಲಗೆ, "ಉಸಿರು ಮೇಡಂ," ಎಂದಳು.

"ಸರಿ. ಹಾಗಾದ್ರೆ ಹೋಗಿ ವೀಲ್‌ಚೇರ್ ತಗೊಂಡ್ಬನ್ನಿ."

ಡಾಕ್ಟರು ಪರೀಕ್ಷೆ ಮಾಡಿ ಹೇಳಿದ್ದೂ ಮೇಡಂ ಊಹಿಸಿದ್ದೂ ಒಂದೇ ಆಗಿತ್ತು: ಗಿಲ್ಲೆನ್ ಬಾರ್ ಸಿಂಡ್ರೋಮ್. ರೋಗಾಣುವಿನ ಮೇಲೆ ಏರಿಹೋಗಬೇಕಾದ ದೇಹದ ಕಾವಲುಪಡೆ ತನ್ನದೇ ನರಗಳ ಮೇಲೆ ಬೀಳುತ್ತದೆ. ನಿಶ್ಶಕ್ತಿ ಪಾದದಿಂದ ಹತ್ತಿ ಸೊಂಟ, ಕೈ, ಎದೆಗೆ ಬರುತ್ತದೆ. ಮೇಡಂಗೂ ಹಾಗೆಯೇ ಆಯಿತು. ವಾರ ಕಳೆಯುವಷ್ಟರಲ್ಲಿ ಕಾಲೇಜಿಗೆ ಸೇರಿದ ಆಸ್ಪತ್ರೆಯ ಐಸಿಯುವಿನಲ್ಲಿ ಅವರ ಉಸಿರನ್ನು ಯಂತ್ರ ಆಡಿಸುತ್ತಿತ್ತು. ಕೈಕಾಲು ಅಲುಗದು, ಕುತ್ತಿಗೆ ತಿರುಗದು, ಗಂಟಲಿನಲ್ಲಿ ಕೊಳವೆ ಇದ್ದುದರಿಂದ ಮಾತಿಲ್ಲ. ಉಳಿದದ್ದು ಕಣ್ಣಿನ ರೆಪ್ಪೆ ಮಾತ್ರ.

ಶನಿವಾರಸಂತೆಯಿಂದ ಅವರ ತಂದೆ ಶಾಮಣ್ಣ ಬಂದರು. ಊರಿನ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಅಕ್ಷರ ಕಲಿಸಿ ನಿವೃತ್ತರಾದ ಮೇಷ್ಟ್ರು. ಮಗಳ ತಲೆಯ ಹತ್ತಿರ ನಿಂತು ಏನು ಮಾತಾಡಬೇಕೆಂದೇ ತಿಳಿಯದೆ, "ತಿಂಡಿ ಆಯ್ತೇನವ್ವ?" ಎಂದು ಕೇಳಿಬಿಟ್ಟರು. ಕೇಳಿದ ಮೇಲೆ ತಮಗೇ ಸಂಕಟವಾಗಿ ಮುಖ ತಿರುಗಿಸಿಕೊಂಡರು.

ನಿಶ್ಮಿತಾಳಿಗೆ ಆ ತಿಂಗಳು ಐಸಿಯು ಪೋಸ್ಟಿಂಗ್ ಇತ್ತು. ಈ ಕಾಯಿಲೆಯಲ್ಲಿ ಬುದ್ಧಿ ಸ್ವಚ್ಛವಾಗಿರುತ್ತದೆ, ಕಿವಿ ಕೇಳುತ್ತದೆ, ನೋವೂ ತಿಳಿಯುತ್ತದೆ ಎಂದು ಮೇಡಂ ಕೈಯಿಂದಲೇ ಕಲಿತಿದ್ದಳು. ಒಂದು ಬೆಳಿಗ್ಗೆ ಮೇಡಂ ಕಣ್ಣಂಚಿನಿಂದ ನೀರು ಇಳಿಯುತ್ತಲೇ ಇತ್ತು. ನೋವಾ ಎಂದರೆ ಒಮ್ಮೆ ರೆಪ್ಪೆ ಮುಚ್ಚುತ್ತಿದ್ದರು, ಹೌದು ಎಂದು. ಬೆನ್ನಾ, ಭುಜವಾ, ಗಂಟಲಾ ಎಂದರೆ ರೆಪ್ಪೆ ಅಲುಗುತ್ತಿರಲಿಲ್ಲ. ಕೇಳಿ ಕೇಳಿ ನಿಶ್ಮಿತಾ ಸೋತಳು. ಗಾಜಿನಾಚೆ ಬೆಂಚಿನ ಮೇಲೆ ಕುಳಿತಿದ್ದ ಮೇಷ್ಟ್ರು ಕಾಣಿಸಿದಾಗ ಅವಳಿಗೊಂದು ಹೊಳೆಯಿತು. ಸಿಸ್ಟರ್ ಒಪ್ಪಿಗೆ ಪಡೆದು ಅವರನ್ನು ಒಳಗೆ ಕರೆತಂದಳು.

"ಸರ್, ನೀವು ಅಕ್ಷರ ಹೇಳ್ತಾ ಹೋಗಿ. ಮೊದಲು ಸಾಲು, ಆಮೇಲೆ ಸಾಲಿನೊಳಗಿನ ಅಕ್ಷರ, ಆಮೇಲೆ ಕಾಗುಣಿತ. ಮೇಡಂ ಬೇಕಾದ್ದು ಬಂದಾಗ ಕಣ್ಣು ಮುಚ್ತಾರೆ."

ಮುದುಕರ ಬೆನ್ನು ನೆಟ್ಟಗಾಯಿತು. ಸ್ವರಗಳ ಸಾಲು, ಕ ಸಾಲು, ಚ ಸಾಲು, ನಿಧಾನವಾಗಿ, ಪುಟ್ಟ ಮಕ್ಕಳಿಗೆ ಹೇಳಿಕೊಡುವ ರಾಗದಲ್ಲಿ ಶುರುಮಾಡಿದರು. ಕೊನೆಯ ಸಾಲಿಗೆ ರೆಪ್ಪೆ ಮುಚ್ಚಿತು. ಯ, ರ, ಲ, ವ, ಶ, ಷ, ಸ ದಾಟಿ ಹ ಬಂದಾಗ ಮತ್ತೆ ಮುಚ್ಚಿತು. ಹ, ಹಾ, ಹಿ. ಹಿ! ಆಮೇಲೆ ಪ ಸಾಲಿನಲ್ಲಿ ಮ.

"ಹಿಮ? ಚಳಿ ಆಯ್ತದಾ ಮಗಾ?"

ರೆಪ್ಪೆ ಅಲುಗಲಿಲ್ಲ. ಮೇಷ್ಟ್ರು ತಾಳ್ಮೆಗೆಡದೆ ಮತ್ತೆ ಮೊದಲಿನಿಂದ ಹಿಡಿದರು. ಟ ಸಾಲು. ಟ, ಠ, ಡ...

"ಹಿಮ್ಮಡಿ!" ಎಂದು ನಿಶ್ಮಿತಾ ಕೂಗಿಯೇಬಿಟ್ಟಳು.

ಹೊದಿಕೆ ಎತ್ತಿ ನೋಡಿದಳು. ಎಡ ಹಿಮ್ಮಡಿಯ ಒಂದು ಕಡೆ ಕೆಂಪಗೆ, ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಹುಣ್ಣಾಗುವಂತೆ ಇತ್ತು. ಕಾಲಿನ ಕೆಳಗೆ ದಿಂಬು ಕೊಟ್ಟು ಹಿಮ್ಮಡಿಯನ್ನು ಗಾಳಿಯಲ್ಲಿ ತೇಲುವಂತೆ ಮಾಡಿದಳು. ಸಿಸ್ಟರ್ ಬಂದು ನೋಡಿ, ನೋವಿನ ಔಷಧಿಗೆ ಡಾಕ್ಟರನ್ನು ಕರೆಸಿದರು. ಮೇಡಂ ಕಣ್ಣೀರು ನಿಂತಿತು.

"ಇನ್ನೇನಾದ್ರೂ ಇದೆಯಾ ಮೇಡಂ?"

ಇತ್ತು. ಮೇಷ್ಟ್ರು ಮತ್ತೆ ಸಾಲು ಹಿಡಿದರು. ತುಂಬ ಹೊತ್ತು ಹಿಡಿಯಿತು, ನಡುವೆ ಎರಡು ಬಾರಿ ತಪ್ಪಿತು. ಕೊನೆಗೆ ಕೂಡಿಸಿ ಓದಿದಾಗ ಅದು, 'ಮೂಳೆ ಪಾಠ ಯಾರು' ಎಂದಾಯಿತು.

ಮೇಷ್ಟ್ರು ಮಗಳ ಮುಖವನ್ನೇ ನೋಡುತ್ತ ನಿಂತರು. ತಾನೇ ಉಸಿರಾಡಲಾಗದ ಹೆಂಗಸು ಹುಡುಗಿಯರ ಪಾಠ ನಿಂತೀತೆಂದು ಚಿಂತೆ ಮಾಡುತ್ತಿದ್ದಳು. "ಮನೋರಮಾ ಮೇಡಂ ತಗೊಳ್ತಿದ್ದಾರೆ," ಎಂದಳು ನಿಶ್ಮಿತಾ. ಇಂಥವರಿಗೆ ಹೆದರಿ ಹಿಂದಿನ ಬೆಂಚು ಹುಡುಕಿಕೊಂಡಿದ್ದೆನಲ್ಲ ಎಂದು ಅವಳಿಗೆ ಅನಿಸಿತು.

ದೇಹದ ಕಾವಲುಪಡೆಯನ್ನು ಹತೋಟಿಗೆ ತರಲು ಕೊಟ್ಟಿದ್ದ ಔಷಧಿ ಕೆಲಸ ಮಾಡಿತು, ನಿಧಾನವಾಗಿ. ಮೇಲೆ ಹತ್ತಿದ ಕಾಯಿಲೆ ಮೇಲಿನಿಂದಲೇ ಇಳಿಯಿತು. ಮೊದಲು ಕುತ್ತಿಗೆ ತಿರುಗಿತು, ಆಮೇಲೆ ಉಸಿರು ತನ್ನದಾಯಿತು, ಆಮೇಲೆ ಬೆರಳು. ಮಾತು ಬಂದ ದಿನ ಮೇಡಂ ಐಸಿಯುವಿನ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದರು. ನೆಲ ಒರೆಸುವ ಮುತ್ತಿಯ ಹೆಸರನ್ನೂ ಬಿಡಲಿಲ್ಲ. ದಿನವೂ ಬಂದು "ಇವತ್ತು ಬಿಸಿಲು ಚೆನ್ನಾಗಿದೆ ಮೇಡಂ" ಎಂದು ಹೇಳಿಹೋಗುತ್ತಿದ್ದವಳು ಅವಳೊಬ್ಬಳೇ ಎಂದರು. ವ್ಯಾಯಾಮ ಮಾಡಿಸುವಾಗ ನೋವಿಗೆ ಬೆವರಿ ತೊಯ್ದು ಹೋಗುತ್ತಿದ್ದರು. ಸಾಕು ಎಂದರೆ, "ಇನ್ನೊಂದ್ಸಲ," ಎನ್ನುತ್ತಿದ್ದರು.

ತಿಂಗಳುಗಳು ಕಳೆದು, ಬೇಸಿಗೆಯ ಮೊದಲ ಮಳೆಗೆ ಕಾಫಿ ಹೂ ಬಿಟ್ಟ ಕಾಲಕ್ಕೆ ಮನೆಗೆ ಕಳಿಸಿದರು. ಎಡ ಪಾದ ಇನ್ನೂ ಎಳೆಯುತ್ತಿತ್ತು. ಅದು ಪೂರ್ತಿ ಸರಿಹೋಗದಿರಲೂಬಹುದು ಎಂದು ಡಾಕ್ಟರು ಮುಚ್ಚಿಡದೆ ಹೇಳಿದ್ದರು. ಆಸ್ಪತ್ರೆಯ ಬಾಗಿಲಿನಿಂದ ಗೇಟಿನ ಆಟೋವರೆಗೆ ಇಳಿಜಾರು. ನಿಶ್ಮಿತಾ ವೀಲ್‌ಚೇರ್ ತಂದು ನಿಲ್ಲಿಸಿದ್ದಳು.

"ಬ್ಯಾಗು ಅದ್ರಲ್ಲಿಡು," ಎಂದ ಮೇಡಂ ಊರುಗೋಲು ಊರಿಕೊಂಡು ಎದ್ದರು. ಮೇಷ್ಟ್ರು ಕೈ ಚಾಚಿದರು.

"ಬೇಡ ಅಪ್ಪ. ಹಿಂದೆ ಬನ್ನಿ, ಸಾಕು."

ಹೆಜ್ಜೆ ಊರಿ, ನಿಂತು, ಮತ್ತೆ ಊರಿ ಅವರು ಇಳಿಯತೊಡಗಿದರು. ಹಿಂದೆ ಮೇಷ್ಟ್ರು, ಅವರ ಹಿಂದೆ ಬ್ಯಾಗು ಹೇರಿದ ಗಾಲಿಕುರ್ಚಿ ತಳ್ಳುತ್ತ ನಿಶ್ಮಿತಾ. ಆಟೋದವನು ಹಾರ್ನ್ ಒತ್ತಲು ಕೈ ಎತ್ತಿದವನು, ಬರುತ್ತಿರುವವರನ್ನು ನೋಡಿ, ಎಂಜಿನ್ ಆರಿಸಿ ಕೆಳಗಿಳಿದು ನಿಂತ.