ಮಳಿಗೆಯಲ್ಲಿ ಸಂಸಾರ

ಘಟಪ್ರಭಾದ ಸ್ಟೇಷನ್ ರಸ್ತೆಯಲ್ಲಿ ಗುರುಲಿಂಗಪ್ಪನದೊಂದು ಕಾಂಪ್ಲೆಕ್ಸು. ಅದರ ಮೇಲಿನ ಸಾಲಿನ ಕೊನೆಯ ಮಳಿಗೆಯಲ್ಲಿ ಪೂನಮ್ ಮತ್ತು ಅವಳ ತಾಯಿ ಗುಡ್ಡವ್ವ ನಾಲ್ಕು ವರ್ಷದಿಂದ ಸಂಸಾರ ಮಾಡಿಕೊಂಡಿದ್ದರು. ಕಿಟಕಿಯಿಲ್ಲದ ಒಂದೇ ಕೋಣೆ. ಗಾಳಿ ಬೇಕೆಂದರೆ ಶಟರ್ ಎತ್ತಬೇಕು. ಎತ್ತಿದರೆ ಬಾಜೂ ಮೊಬೈಲ್ ಅಂಗಡಿಗೆ ಬಂದವರೆಲ್ಲ ಹಾಸಿಗೆ, ಒಲೆ, ಒಣಹಾಕಿದ ಬಟ್ಟೆ ನೋಡಿಕೊಂಡೇ ಹೋಗುತ್ತಿದ್ದರು. ಸೀರೆ ಬದಲಿಸಬೇಕಾದರೆ ಗುಡ್ಡವ್ವ ಶಟರ್ ಎಳೆದುಕೊಂಡು ಒಳಗೆ ಬೇಯುತ್ತಿದ್ದಳು.

ಇದೇನು ಅವರು ಮೆಚ್ಚಿ ಆರಿಸಿಕೊಂಡ ಜಾಗವಲ್ಲ. ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಾಗ ಪೂನಮ್ ಓಣಿ ಓಣಿ ತಿರುಗಿದ್ದಳು. ಬಾಡಿಗೆಗಿದೆ ಎಂದು ಬೋರ್ಡು ಹಾಕಿದ ಮನೆಗಳೆಲ್ಲ, "ನಿಮ್ಮದು ಯಾವ ಪೈಕಿ?" ಎಂದು ಕೇಳಿ ಉತ್ತರ ಪಡೆದ ಮರುಗಳಿಗೆ ಭರ್ತಿಯಾಗಿಬಿಡುತ್ತಿದ್ದವು. ಗುರುಲಿಂಗಪ್ಪನೂ ಅದನ್ನೇ ಕೇಳಿದ್ದ. ಕೇಳಿ, "ಮನಿ ಖಾಲಿ ಇಲ್ಲವಾ. ಮ್ಯಾಲ ಮಳಗಿ ಐತಿ, ಬೇಕಂದ್ರ ಅಲ್ಲೇ ಇರ್ರಿ" ಎಂದಿದ್ದ. ಗೌಂಡಿಯನ್ನು ಕರೆಸಿ ಒಲೆ ಇಡಲು ಕಟ್ಟೆ ಹಾಕಿಸಿದವನೂ ಅವನೇ. ಕಾಂಪ್ಲೆಕ್ಸಿನ ಹಿಂದೆ ಅವನದೇ ಒಂದು ಮನೆ ಬೀಗ ಹಾಕಿಕೊಂಡು ನಿಂತಿದ್ದುದು ಪೂನಮ್‌ಗೆ ಆಮೇಲೆ ತಿಳಿಯಿತು.

ಒಂದು ಸೋಮವಾರ ಪಟ್ಟಣ ಪಂಚಾಯಿತಿ ಕಚೇರಿಯಿಂದ ಸಾಹೇಬನೊಬ್ಬ ಬಂದ. ವ್ಯಾಪಾರದ ಕಟ್ಟಡದಲ್ಲಿ ಯಾರೋ ವಾಸವಿದ್ದಾರೆಂದು ಅವನಿಗೆ ತಕರಾರು ಹೋಗಿತ್ತು. ಗುರುಲಿಂಗಪ್ಪ ಅವನ ಹಿಂದೆಯೇ ಏದುಸಿರು ಬಿಡುತ್ತಾ ಮೆಟ್ಟಿಲೇರಿದ.

"ಹೊಲಿಗಿ ಅಂಗಡಿ ಇಡತೀವಿ ಅಂದಿದ್ರು ಸಾಹೇಬ್ರ. ನನಗ ಗೊತ್ತಿಲ್ಲದಂಗ ಸಂಸಾರ ಹೂಡ್ಯಾರ. ಎಂಟು ದಿನದಾಗ ಖಾಲಿ ಮಾಡಸ್ತೀನಿ."

ಪೂನಮ್ ಕಟ್ಟೆ ತೋರಿಸಿ ಕೇಳಿದಳು: "ಕಾಕಾರ, ಇದನ್ನ ಕಟ್ಟಿಸಿದವರು ಯಾರ್ರಿ? ಹೊಲಿಗಿ ಅಂಗಡಿಗೆ ಒಲಿಕಟ್ಟಿ ಯಾಕ ಬೇಕಿತ್ತು?"

"ಅದೆಲ್ಲ ಈಗ್ಯಾಕ?" ಎಂದ ಗುರುಲಿಂಗಪ್ಪ. "ಮಾಲಕರಿಗೆ ತಿಳೀದಂಗ ವಾಸ ಮಾಡೀವಿ ಅಂತ ಬರದು ಸಹಿ ಮಾಡಿಬಿಡು. ಇಬ್ಬರಿಗೂ ತ್ರಾಸ ತಪ್ಪತೈತಿ."

ಒಳಗೆ ಕುಳಿತಿದ್ದ ಗುಡ್ಡವ್ವ ಎದ್ದು ಬಂದಳು. "ಸಾವುಕಾರ್ರ, ಮಳಗ್ಯಾಗ ಇರೂದು ತಪ್ಪಂದ್ರ ಬ್ಯಾಡ ಬಿಡ್ರಿ. ಹಿಂದಿನ ಮನಿ ಕೊಡ್ರಿ. ಈಗಿಂದೀಗ ಗಂಟು ಕಟ್ಟತೀವಿ."

"ಅಲ್ಲಿ ಹೆಂಗ ಕೊಡಾಕ ಬರ್ತೈತಿ? ದೇವರ ಜಗಲಿ ಐತಿ ಅಲ್ಲಿ."

ಮೊಬೈಲ್ ಅಂಗಡಿಯ ಗಿರಾಕಿಗಳು ಹೊರಳಿ ನೋಡಿದರು. ಹೋದ ವರ್ಷ ಇದೇ ಮನುಷ್ಯನ ಹೆಂಡತಿ ಹನ್ನೆರಡು ದಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಮೈ ಒರೆಸಿ, ಗಂಜಿ ಕುಡಿಸಿದವಳು ಪೂನಮ್.

"ಕಾಕುಗ ನನ್ನ ಕೈಯಾನ ಗಂಜಿ ನಡೀತು. ಅವತ್ತು ದೇವರು ಎಲ್ಲಿದ್ದರ್ರಿ? ನಾ ಸಹಿ ಮಾಡೂದಿಲ್ಲ. ಸಾಹೇಬ್ರ, ಇವರು ಈಗ ಅಂದದ್ದನ್ನೂ ಬರಕೊಳ್ರಿ."

"ಅದು ನನ್ನ ಕೆಲಸ ಅಲ್ಲಮ್ಮ," ಎಂದ ಸಾಹೇಬ, ತಲೆ ಎತ್ತದೆ. ಆದರೆ ಒಲೆಕಟ್ಟೆಯ ಫೋಟೋ ತೆಗೆದುಕೊಂಡ. ಎರಡು ದಿನದ ಮೇಲೆ ನೋಟೀಸು ಬಂದದ್ದು ಗುರುಲಿಂಗಪ್ಪನ ಹೆಸರಿಗೆ. ಸಂಜೆಯೊಳಗೆ ಅವನು ಮಳಿಗೆಯ ನೀರು ಬಂದ್ ಮಾಡಿಸಿದ.

ಪೂನಮ್ ರಜೆ ಹಾಕಿ ಗೋಕಾಕದ ತಹಶೀಲ್ದಾರ್ ಕಚೇರಿಗೆ ಹೋದಳು. ಸುಳ್ಳು ಹೇಳಿದ್ದು, ಜಾತಿ ನೋಡಿ ಮನೆ ಕೊಡದೇ ಹೋದದ್ದು, ನೀರು ನಿಲ್ಲಿಸಿದ್ದು, ಎಲ್ಲ ಬರೆದು ಅರ್ಜಿ ಕೊಟ್ಟಳು. ತಿಂಗಳೊಪ್ಪತ್ತು ತಾಯಿ ಮಗಳು ಕೆಳಗಿನ ನಳದಿಂದ ಕೊಡ ಹೊತ್ತರು. ಮನೆ ಹುಡುಕುವಾಗ ಪೂನಮ್ ಈಗ ಯಾರೂ ಕೇಳುವ ತನಕ ಕಾಯುತ್ತಿರಲಿಲ್ಲ, ಹೊಸ್ತಿಲಲ್ಲೇ ತನ್ನ ಜಾತಿ ಹೇಳಿ, "ಕೊಡತೀರೋ ಇಲ್ಲೋ?" ಎಂದು ಕೇಳುತ್ತಿದ್ದಳು. ಆರು ಕಡೆ ಇಲ್ಲವೆಂದರು. ಏಳನೆಯವಳು ಕಾಶೆವ್ವ ಎಂಬ ಮುದುಕಿ. "ನೀರು ದಿನ ಬಿಟ್ಟು ದಿನ ಬರ್ತಾವು, ನಡೀತೈತೇನು?" ಎಂದಷ್ಟೇ ಕೇಳಿ ಕೀಲಿ ಕೊಟ್ಟಳು.

ಸಾಮಾನು ಸಾಗಿಸುವ ದಿನ ಗುರುಲಿಂಗಪ್ಪನ ತಮ್ಮ ಮಾಲಿಂಗಪ್ಪ ಬಂದು ಮೆಟ್ಟಿಲ ಬಳಿ ನಿಂತ. "ಹೊಂಟೇ ಬಿಟ್ರಲ್ಲವಾ. ಇನ್ನ ಆ ಅರ್ಜಿ ತಿರುಗಿ ತಗೊ. ಅಣ್ಣಾಗ ವಯಸ್ಸಾಗೈತಿ."

"ಮನಿ ಸಿಕ್ಕತಂತ ಅವರು ಮಾಡಿದ್ದು ಹೋಗೂದಿಲ್ಲರಿ," ಎಂದಳು ಪೂನಮ್. "ಅರ್ಜಿ ಅಲ್ಲೇ ಇರಲಿ. ಕರದಾಗ ಬಂದು ಉತ್ತರ ಕೊಡಾಕ ಹೇಳ್ರಿ."

ತಾಯಿಯ ಕೈಯಿಂದ ಪಾತ್ರೆಯ ಗಂಟು ಇಸಿದುಕೊಂಡು ಅವಳು ಕೆಳಗಿಳಿದಳು.